ಕರೆದಲ್ಲಿಗೆ ಹೋದ ಸೈನ್ಯ

ಮಕ್ಕಳು ವಿಜಯಪುರದ ಸೈನಿಕ ಶಾಲೆ ಸೇರಲೆಂದು ಹಾರೈಸುವ ಪಾಲಕರು ಇದನ್ನೂ ಕೇಳಬೇಕು: ಪರದೇಶದ ಒಳಜಗಳಕ್ಕೆ ನಮ್ಮ ಸೈನ್ಯ ಹೋಗಬಹುದೇ? ಪರರ ಮೇಲೆ ಬಲಪ್ರಯೋಗ ಸಲ್ಲದೆನ್ನುತ್ತದೆ ವಿಶ್ವಸಂಸ್ಥೆಯ ಸನ್ನದು. ಅಲ್ಲಿನ ಸರ್ಕಾರವೇ ಕರೆದರೆ ಸಾಮಾನ್ಯವಾಗಿ ಅಡ್ಡಿಯಿಲ್ಲ.

1987ರ ಜುಲೈ 29ರ ಒಪ್ಪಂದದಂತೆ ಭಾರತದ ಶಾಂತಿಪಾಲನಾ ಪಡೆ ಶ್ರೀಲಂಕೆಗೆ ಹೋಯಿತು. ಕಾನೂನೇನೋ ಸರಿಯಿತ್ತು. ಆದರೆ ಒಪ್ಪಂದಕ್ಕೆ ಸಹಿ ಹಾಕದ ಎಲ್‌ಟಿಟಿಇಯಿಂದ ಆಯುಧ ಕೆಳಗಿಡಿಸುವುದು ಹೇಗೆ? ಅಕ್ಟೋಬರಿನಲ್ಲಿ, ಕಾಯಲು ಹೋದವರೇ ಕಾದಾಡಬೇಕಾಯಿತು. 1989ರಲ್ಲಿ ಹೊರಡಿರೆಂದು ಅಧ್ಯಕ್ಷ ಪ್ರೇಮದಾಸರೇ ಕೇಳಿದರು. 1990ರ ಮಾರ್ಚಿನಲ್ಲಿ ಪಡೆ ಮರಳಿತು. 1,100ಕ್ಕೂ ಹೆಚ್ಚು ಯೋಧರು ಮರಳಲಿಲ್ಲ.

ಕೊಡಗಿನ ಜನರಲ್ ತಿಮ್ಮಯ್ಯನವರು 1964ರಲ್ಲಿ ಸೈಪ್ರಸ್ಸಿಗೆ ಹೋದ ಬಗೆಯೇ ಬೇರೆ. ಅವರದು ವಿಶ್ವಸಂಸ್ಥೆಯ ಪಡೆ; ಗ್ರೀಕ್ ಮತ್ತು ತುರ್ಕಿ ಸಮುದಾಯಗಳ ನಡುವೆ ನಿಲ್ಲುವುದು ಕೆಲಸ, ಆತ್ಮರಕ್ಷಣೆಗಷ್ಟೇ ಗುಂಡು. ಜಗಳವಂತೂ ಇಂದಿಗೂ ತೀರಿಲ್ಲ. 1965ರ ಡಿಸೆಂಬರ್ 18ರಂದು ತಿಮ್ಮಯ್ಯನವರು ಅಲ್ಲಿಯೇ ತೀರಿಕೊಂಡರು. ಮರುವರ್ಷ ಸೈಪ್ರಸ್ ಅವರ ನೆನಪಿಗೆ ಅಂಚೆಚೀಟಿ ತಂದಿತು.