ಗೆಜ್ಜೆಯೂ ಬೇಕು, ಗಣಿತವೂ ಬೇಕು

"ಈ ಸಲ ಹತ್ತನೇ ಕ್ಲಾಸು, ಕುಣಿತ ಬೇಡ." ಜೂನ್ ಬಂತೆಂದರೆ ಕುಂದಾಪುರ, ಬೈಂದೂರು, ಬ್ರಹ್ಮಾವರದ ಎಷ್ಟೋ ಮನೆಗಳಲ್ಲಿ ಈ ಮಾತು ಕೇಳಿಸುತ್ತದೆ. ಕುಣಿತವೆಂದರೆ ಶಾಲೆ ಬಿಟ್ಟ ಮೇಲಿನ ಯಕ್ಷಗಾನ ತರಗತಿ. ಹೈಸ್ಕೂಲಿಗೇ ಗುರುಗಳನ್ನು ಕಳಿಸಿ ಕಲಿಸುವ ಕ್ರಮವನ್ನು ಉಡುಪಿಯ ಯಕ್ಷಶಿಕ್ಷಣ ಟ್ರಸ್ಟ್ ಶುರುಮಾಡಿತು; ಈಚೆಗೆ ಅದು ಕುಂದಾಪುರ, ಬೈಂದೂರು ಕಡೆಗೂ ಬಂದಿದೆ. ಅದಕ್ಕೂ ಬಹಳ ಮೊದಲೇ ಎಚ್. ಶ್ರೀಧರ ಹಂದೆ, ಕಾರ್ಕಡ ಶ್ರೀನಿವಾಸ ಉಡುಪ ಸೇರಿ ಸಾಲಿಗ್ರಾಮದಲ್ಲಿ ಮಕ್ಕಳ ಮೇಳ ಕಟ್ಟಿದ್ದರು. ಓದುವ ಮಕ್ಕಳು ವೇಷ ಕಟ್ಟುವುದು ಇಲ್ಲಿ ಹೊಸತಲ್ಲ. ಹೊಸತೆಂದರೆ ಅಂಕದ ಆತಂಕ.

ಲೆಕ್ಕ ಹಾಕಿ ನೋಡಿದರೆ ಓದಿಗೂ ಕುಣಿತಕ್ಕೂ ವರ್ಷವಿಡೀ ಜಗಳವಿಲ್ಲ. ಮಳೆಗಾಲದಲ್ಲಿ ತಾಳ, ಹೆಜ್ಜೆಗಳ ಅಭ್ಯಾಸ. ಅದಕ್ಕೆ ವಾರದಲ್ಲಿ ಒಂದೆರಡು ಸಂಜೆ ಸಾಕು. ದಸರಾ ರಜೆಯ ಹೊತ್ತಿಗೆ ಪ್ರಸಂಗ ಆರಿಸಿ, ಪಾತ್ರ ಹಂಚಿ ಆಗಿರುತ್ತದೆ. ಇಕ್ಕಟ್ಟು ಬರುವುದು ನವೆಂಬರ್, ಡಿಸೆಂಬರಿನಲ್ಲಿ. ಪ್ರದರ್ಶನ ಹತ್ತಿರ ಬಂದು ದಿನವೂ ಅಭ್ಯಾಸ ನಡೆಯುವ ಆ ಕೆಲವು ವಾರಗಳಿಗೆ ಮಾತ್ರ ಮನೆಯ ವೇಳಾಪಟ್ಟಿ ಬದಲಾದರೆ ಸಾಕು. ಕುಣಿದು ದಣಿದು ಬಂದವರನ್ನು ರಾತ್ರಿ ಗಣಿತಕ್ಕೆ ಕೂರಿಸಿದರೆ ತೂಕಡಿಕೆಯೇ ಗತಿ. ಲೆಕ್ಕವನ್ನು ಬೆಳಿಗ್ಗೆಗೆ ಇಟ್ಟು, ಸಂಜೆಗೆ ಸಮಾಜದಂಥ ಓದುವ ಪಾಠ ಬಿಡಿ. ಜನವರಿಯಿಂದ ಪೂರ್ವಸಿದ್ಧತಾ ಪರೀಕ್ಷೆಗಳು. ಆಗ ಹತ್ತನೆಯವರು ಗೆಜ್ಜೆ ಬಿಚ್ಚಿಡುವುದೇ ಸರಿ. ಎಸ್ಸೆಸ್ಸೆಲ್ಸಿಗೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳ ಅವಕಾಶ ಇದೆಯೆಂದು ಮೊದಲನೆಯದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

ಎಂಟು, ಒಂಬತ್ತರಲ್ಲಿ ದೊಡ್ಡ ವೇಷ ಮಾಡಿ, ಹತ್ತರಲ್ಲಿ ಒಡ್ಡೋಲಗಕ್ಕೋ ಸಣ್ಣ ಪಾತ್ರಕ್ಕೋ ನಿಲ್ಲುವುದು ನನಗೆ ಒಪ್ಪಿಗೆಯಾದ ದಾರಿ. ಪೂರ್ತಿ ಬಿಡಿಸುವುದು ಬೇಡ. ಬಿಡಿಸಿದ ಗಂಟೆ ಪುಸ್ತಕಕ್ಕೇ ಹೋಗುತ್ತದೆಂಬ ಖಾತ್ರಿ ಎಲ್ಲಿದೆ? ಮೊಬೈಲು ಅಲ್ಲೇ ಇದೆಯಲ್ಲ.

ಕನ್ನಡ ವಿಷಯದ ಮಟ್ಟಿಗಂತೂ ಈ ತರಗತಿ ಓದೇ. ಪ್ರಥಮ ಭಾಷೆಗೆ 125 ಅಂಕ. ಪಠ್ಯದಲ್ಲಿ ಕುಮಾರವ್ಯಾಸನೂ ಲಕ್ಷ್ಮೀಶನೂ ಇದ್ದಾರೆ. ಪ್ರಸಂಗಗಳಲ್ಲಿ ಅದೇ ಭಾಮಿನಿ, ಅದೇ ವಾರ್ಧಕ ಷಟ್ಪದಿ. ಭಾಮಿನಿಯ ಸಾಲು ಮೂರು-ನಾಲ್ಕು ಮಾತ್ರೆಗಳ ಗಣ ಎರಡು ಸಲ ಬಂದು 14 ಮಾತ್ರೆ. ವಾರ್ಧಕದ್ದು ಐದೈದರಂತೆ 20. ಎರಡರಲ್ಲೂ ಮೂರನೆಯ ಮತ್ತು ಆರನೆಯ ಸಾಲು ಮಾತ್ರ ಉದ್ದ: ಒಂದೂವರೆಪಟ್ಟು, ಕೊನೆಗೊಂದು ಗುರು. ಭಾಗವತರ ಪದ್ಯ ಕಿವಿಗೆ ಬಿದ್ದು ರೂಢಿಯಾದವರಿಗೆ ಪ್ರಸ್ತಾರ ಹಾಕುವಾಗ ಗಣ ತಪ್ಪಿದರೆ ತಟ್ಟನೆ ಗೊತ್ತಾಗುತ್ತದೆ.

ಇನ್ನು ಬರವಣಿಗೆ. ಪ್ರಸಂಗದಲ್ಲಿ ಪದ್ಯವಿರುತ್ತದೆ, ಮಾತು ಇರುವುದಿಲ್ಲ. ಆ ಮಾತನ್ನು, ಅಂದರೆ ಅರ್ಥವನ್ನು, ವೇಷಧಾರಿಯೇ ಕಟ್ಟಬೇಕು. ಮಕ್ಕಳಿಗೆ ಸಾಮಾನ್ಯವಾಗಿ ಗುರುಗಳೇ ಬರೆದುಕೊಡುತ್ತಾರೆ, ಮಕ್ಕಳು ಬಾಯಿಪಾಠ ಮಾಡುತ್ತಾರೆ. ಒಂದು ಪದ್ಯದ ಮಾತನ್ನಾದರೂ ತಾನೇ ಬರೆಯುತ್ತೇನೆಂದು ಮಗು ಕೇಳಲಿ. ಅಭಿಮನ್ಯು ಪಾತ್ರವಾದರೆ, ಚಕ್ರವ್ಯೂಹ ಹೊಗಲು ಧರ್ಮರಾಯನಿಂದ ಅಪ್ಪಣೆ ಕೇಳುವ ಸಂದರ್ಭ. ಯಾರಿಗೆ ಹೇಳುತ್ತಿದ್ದೇನೆ, ಅವರ ಭಯವೇನು, ಅದಕ್ಕೆ ನನ್ನ ಉತ್ತರವೇನು ಎಂದು ಯೋಚಿಸಿ ಹತ್ತು ಸಾಲು ಬರೆದು, ಗಟ್ಟಿಯಾಗಿ ಹೇಳಿ ನೋಡಲಿ. ಉಸಿರು ಕಟ್ಟುವಲ್ಲಿ ವಾಕ್ಯ ತುಂಡರಿಸಲಿ. ಒಂದೂ ಇಂಗ್ಲಿಷ್ ಪದ ನುಸುಳಬಾರದು. ಮನೆಯಲ್ಲಿ ಕುಂದಾಪ್ರ ಕನ್ನಡ ಆಡುವವರಿಗೆ ಗ್ರಂಥಸ್ಥ ಕನ್ನಡ ರೂಢಿಯಾಗಲು, ಪ್ರಬಂಧ ಬರೆಯುವ ಕೈ ಪಳಗಲು ಇದಕ್ಕಿಂತ ಒಳ್ಳೆಯ ಅಭ್ಯಾಸ ನನಗಂತೂ ಗೊತ್ತಿಲ್ಲ.

ಬಸ್ಸಿನ ತೊಂದರೆ ಬೇರೆ. ಕೊಲ್ಲೂರು, ಕೊಕ್ಕರ್ಣೆ ಕಡೆಗೆ ಹೋಗುವವರು ತರಗತಿ ಮುಗಿಯುವ ಹೊತ್ತಿಗೆ ಬಸ್ಸಿದೆಯೇ ಎಂದು ಮೊದಲ ವಾರವೇ ನೋಡಿಕೊಂಡು, ಅದೇ ದಾರಿಯ ಮಕ್ಕಳ ಜೊತೆ ಮಾತಾಡಿಕೊಳ್ಳಲಿ. ಪ್ರದರ್ಶನದ ದಿನ ಬಣ್ಣಕ್ಕೆ, ವೇಷ ಕಟ್ಟುವುದಕ್ಕೆ ಬೇಗನೆ ಚೌಕಿ (ಬಣ್ಣದ ಮನೆ) ಸೇರಬೇಕು, ಮನೆ ಮುಟ್ಟುವಾಗ ತಡವಾಗುತ್ತದೆ. ಮರುದಿನ ಕಿರುಪರೀಕ್ಷೆಯಿದ್ದರೆ ಕ್ಲಾಸ್ ಟೀಚರಿಗೆ ಒಂದು ವಾರ ಮೊದಲೇ ತಿಳಿಸಿಬಿಡಿ.