ಐದು ಹೋಬಳಿ, ಒಂದು ಸರಾಸರಿ

ನಂಜನಗೂಡು ತಾಲೂಕಿನಲ್ಲಿ ಐದು ಹೋಬಳಿ: ಕಸಬಾ, ಬಿಳಿಗೆರೆ, ಹುಲ್ಲಹಳ್ಳಿ, ಚಿಕ್ಕಯ್ಯನಛತ್ರ, ದೊಡ್ಡಕವಲಂದೆ. ಒಂದು ಸಂಜೆ ಐದರಲ್ಲೂ ಮಳೆ ಬಿತ್ತು ಅಂದುಕೊಳ್ಳಿ. ಅಳತೆಯೆಲ್ಲ ಪೂರ್ಣ ಮಿಲಿಮೀಟರಿನಲ್ಲಿ. ಯಾವ ಎರಡು ಹೋಬಳಿಗೂ ಒಂದೇ ಅಳತೆಯ ಮಳೆಯಿಲ್ಲ. ಮರುದಿನ ನಮ್ಮ ಕೈಗೆ ಬಂದದ್ದು ಒಂದೇ ಸಾಲು: ತಾಲೂಕಿನ ಸರಾಸರಿ ಮಳೆ 3 ಮಿ.ಮೀ. ಮಧ್ಯಾಂಕ, ಅಂದರೆ ಅಳತೆಗಳನ್ನು ಏರಿಕೆಯಲ್ಲಿ ಜೋಡಿಸಿದಾಗ ನಟ್ಟನಡುವೆ ನಿಲ್ಲುವ ಸಂಖ್ಯೆ, ಎಷ್ಟೆಂದು ಹೇಳಲು ಇಷ್ಟು ಸಾಕೇ?

ಎಲ್ಲಿ ಸಾಕು! ಗೊತ್ತಿಲ್ಲದವು ಐದು, ಸುಳಿವು ಒಂದು. ಆದರೆ ತಡೆಯಿರಿ. ಸರಾಸರಿ 3 ಎಂದರೆ ಒಟ್ಟು 15. ಬೇರೆ ಬೇರೆ ಐದು ಪೂರ್ಣಸಂಖ್ಯೆಗಳನ್ನು ಎಷ್ಟು ಬಿಗಿಹಿಡಿದು ಆರಿಸಿದರೂ 1, 2, 3, 4, 5. ಅವುಗಳ ಮೊತ್ತವೇ 15! ಒಂದೇ ಒಂದು ಮಿಲಿಮೀಟರೂ ಮಿಸುಕಲು ಜಾಗವಿಲ್ಲ. ಐದಕ್ಕೆ ಐದೂ ಸಿಕ್ಕಿಬಿದ್ದವು. ಮಧ್ಯಾಂಕ 3.

ಇದು ನನ್ನನ್ನು ಬೆರಗಾಗಿಸುವುದಕ್ಕೆ ಕಾರಣವಿದೆ. ಸರಾಸರಿಯ ಕೆಲಸವೇ ಮರೆಸುವುದು. 1150ರ ಲೀಲಾವತಿಯಲ್ಲಿ ಭಾಸ್ಕರಾಚಾರ್ಯರು ಹೇಳಿದ ದಾರಿ ಇದು: ಗುಂಡಿಯ ಅಗಲ ಒಂದೊಂದು ಕಡೆ ಒಂದೊಂದು ಥರ ಇದ್ದರೆ ಹಲವು ಕಡೆ ಅಳೆದು, ಕೂಡಿಸಿ, ಅಳೆದ ಕಡೆಗಳ ಸಂಖ್ಯೆಯಿಂದ ಭಾಗಿಸು. ಹಲವು ಅಳತೆ ಕರಗಿ ಒಂದಾಗುತ್ತದೆ. ನಮ್ಮ ಲೆಕ್ಕದಲ್ಲಿ ಆ ಒಂದರಿಂದ ಕರಗಿದ್ದೆಲ್ಲ ಮರಳಿ ಬಂದಿದೆ!

ಹಾಗಾದರೆ ಬಿಳಿಗೆರೆಗೆ ಬಿದ್ದ ಮಳೆ ಎಷ್ಟು? ಸಂಖ್ಯೆಗಳೆಲ್ಲ ಗೊತ್ತು, ಯಾವುದು ಯಾವ ಹೋಬಳಿಯದೆಂದು ಗೊತ್ತಿಲ್ಲ. ಅದೇ ಮಾಹಿತಿ ಮಧ್ಯಾಂಕದ ಪ್ರಶ್ನೆಗೆ ಸಾಕಾಗಿತ್ತು, ಈ ಪ್ರಶ್ನೆಗೆ ಸಾಲದು. ‘ಬಿಳಿಗೆರೆಗಿಂತ ಹೆಚ್ಚು ಮಳೆ ಬಿದ್ದದ್ದು ಎರಡೇ ಹೋಬಳಿಗಳಲ್ಲಿ’ ಎಂಬ ಇನ್ನೊಂದು ಹೇಳಿಕೆ ಸೇರಲಿ. ಅದೊಂದನ್ನೇ ಇಟ್ಟುಕೊಂಡರೆ ಅಳತೆ ಸಿಗದು. ಎರಡನ್ನೂ ಕೂಡಿಸಿದಿರೋ, ಬಿಳಿಗೆರೆ 3! ಬ್ಯಾಂಕ್ ಪರೀಕ್ಷೆಗೆ ಓದುವವರು ಡೇಟಾ ಸಫಿಶಿಯನ್ಸಿ ಎನ್ನುವುದು ಇದನ್ನೇ. ಅಲ್ಲಿ ಉತ್ತರ ಎಷ್ಟೆಂದು ಯಾರೂ ಕೇಳುವುದಿಲ್ಲ. ಉತ್ತರ ಒಂದೇ ಆಗಿರಲೇಬೇಕೇ ಎಂದಷ್ಟೇ ಕೇಳುತ್ತಾರೆ. ಅದೆಂಥ ಸೊಗಸಾದ ಪ್ರಶ್ನೆ!

‘ಐದರಲ್ಲೂ ಮಳೆ ಬಿತ್ತು’ ಎಂಬ ಮಾತನ್ನು ಅಳಿಸಿ ನೋಡಿ. ಒಂದು ಹೋಬಳಿ ಒಣಗಿದ್ದರೂ ಆದೀತು ಎಂದಾದರೆ 0, 1, 2, 3, 9 ಒಳಗೆ ನುಗ್ಗುತ್ತದೆ. ಮೊತ್ತ ಅದೇ 15, ಮಧ್ಯಾಂಕ ಮಾತ್ರ 2. ಕೋಟೆ ಕುಸಿಯಿತು. ಅದಕ್ಕೇ ಇಂಥ ಲೆಕ್ಕದಲ್ಲಿ ಸಂಖ್ಯೆಗಳಿಗಿಂತ ಮೊದಲು ಷರತ್ತುಗಳನ್ನು ಓದಬೇಕು.

ಮೊದಲಿನ ಷರತ್ತುಗಳು ಹಾಗೇ ಇರಲಿ, ಸರಾಸರಿ 4 ಆಗಲಿ. 1, 2, 3, 4, 10 ಆದರೆ ಮಧ್ಯಾಂಕ 3. 1, 2, 4, 5, 8 ಆದರೆ 4. ಐದಕ್ಕೆ ಏರುವಂತಿಲ್ಲ, ಏಕೆಂದರೆ 1, 2, 5, 6, 7 ಕೂಡಿದರೇ 21, ನಮ್ಮಲ್ಲಿರುವುದು 20. ಸರಾಸರಿ 5ಕ್ಕೆ ಬಂದರೆ ಮಧ್ಯಾಂಕ 3, 4, 5, 6 ಯಾವುದೂ ಆಗಬಹುದು. ಹೌದು, 6 ಕೂಡ! 1, 2, 6, 7, 9 ಕೂಡಿ ನೋಡಿ: ಐದರಲ್ಲಿ ಮೂರು ಹೋಬಳಿಗಳು ತಾಲೂಕಿನ ಸರಾಸರಿಯನ್ನು ಮೀರಿ ನೆನೆದಿವೆ.