ಮಳೆಗೆ ಜಾತಿಯಿಲ್ಲ, ನೆಲಕ್ಕಿದೆ

ಶಿವರಾಮ ಕಾರಂತರ ‘ಚೋಮನ ದುಡಿ’ಯನ್ನು (1933) ಬಡತನದ ಕಥೆಯೆಂದು ಓದುವ ರೂಢಿ ನಮ್ಮಲ್ಲಿದೆ. ಆದರೆ ಬೇಸಾಯಕ್ಕೆ ಬೇಕಾದ ಬಹುಪಾಲು ಸಾಧನಗಳು ಚೋಮನ ಬಳಿ ಇವೆ. ದುಡಿಯುವ ತೋಳುಗಳಿವೆ, ಒಂದು ಜೋಡಿ ಎತ್ತುಗಳಿವೆ, ದಕ್ಷಿಣ ಕನ್ನಡದ ಧಾರಾಳ ಮಳೆಯಿದೆ. ಇಲ್ಲದಿರುವುದು ನೆಲವೊಂದೇ. ಅದಕ್ಕೆ ಕಾರಣ ಭೂಮಿಯ ಅಭಾವವಲ್ಲ. ಅಸ್ಪೃಶ್ಯನು ಬೇಸಾಯಗಾರನಾಗಕೂಡದೆಂಬ ಕಟ್ಟಳೆ.

ಹೀಗಾಗಿ ಈ ಕೃತಿಯಲ್ಲಿ ನೆಲ ಮತ್ತು ಹವಾಮಾನ ಬೇರೆ ಬೇರೆ ಅರ್ಥ ಹೊತ್ತ ಸಂಕೇತಗಳಾಗುತ್ತವೆ. ಹವಾಮಾನ ಎಲ್ಲರದು; ಅದರ ಫಲ ನೆಲವುಳ್ಳವರದು, ಕೇಡು ನೆಲವಿಲ್ಲದವರದು. ಸಾಲ ತೀರಿಸಲು ಘಟ್ಟದ ಕಾಫಿ ತೋಟಕ್ಕೆ ಹೋದ ಮಗ ಚನಿಯ ಜ್ವರಕ್ಕೆ ಬಲಿಯಾಗುತ್ತಾನೆ. ಇನ್ನೊಬ್ಬ ಮಗ ನೀಲ ನೀರುಪಾಲಾಗುವಾಗ ದಡದಲ್ಲಿದ್ದವರನ್ನು ಮೈಲಿಗೆಯ ಭಯ ತಡೆಯುತ್ತದೆ. ಜ್ವರವೂ ನೀರೂ ನಿಸರ್ಗದವು. ಸಾವಿನ ಹೊಣೆ ಮಾತ್ರ ಸಮಾಜದ್ದು.

ಧಣಿ ಸಂಕಪ್ಪಯ್ಯ ನಿರ್ದಯಿಯಲ್ಲ. ಚೋಮನಿಗೆ ಭೂಮಿ ಕೊಡುವ ಮನಸ್ಸು ಅವರಿಗಿದೆ. ತಾಯಿಯ ವಿರೋಧದ ಮುಂದೆ ಆ ಮನಸ್ಸು ಸೋಲುತ್ತದೆ. ದಯೆ ಹಕ್ಕಾಗಲಾರದು ಎಂಬ ಸತ್ಯ ಇಲ್ಲಿದೆ. ದಕ್ಷಿಣ ಆಫ್ರಿಕದ ಅಲನ್ ಪೇಟನ್ 1948ರಲ್ಲಿ ಪ್ರಕಟಿಸಿದ ‘ಕ್ರೈ, ದಿ ಬಿಲವ್ಡ್ ಕಂಟ್ರಿ’ಯಲ್ಲಿಯೂ ಇದೇ ಪ್ರಶ್ನೆಯಿದೆ. ಬಿಳಿಯ ಭೂಮಾಲೀಕನ ಗುಡ್ಡ ಹಸಿರಾಗಿದೆ. ಕೆಳಗಿನ ಕಪ್ಪುಜನರ ಕಣಿವೆ ಸವೆದು, ಬರದಿಂದ ಬೆಂದಿದೆ. ಬರಕ್ಕೆ ಆಕಾಶವನ್ನು ದೂರಬಹುದು. ಆದರೆ ದೇಶದ ಸುಮಾರು ಶೇ 7ರಷ್ಟು ಭೂಮಿಗೆ ಕಪ್ಪುಜನರನ್ನು ಸೀಮಿತಗೊಳಿಸಿದ್ದು 1913ರ ಭೂಕಾಯ್ದೆ. ಕೊನೆಗೆ ಮಳೆ ಬರುತ್ತದೆ, ಮಾಲೀಕನ ಔದಾರ್ಯದಿಂದ ಅಣೆಕಟ್ಟೆಯ ಕೆಲಸವೂ ಮೊದಲಾಗುತ್ತದೆ. ಭೂಮಿಯ ಹಂಚಿಕೆ ಮಾತ್ರ ಬದಲಾಗುವುದಿಲ್ಲ.

ಈ ಎರಡು ಕಾದಂಬರಿಗಳನ್ನು ದಾವಣಗೆರೆ ಜಿಲ್ಲೆಯಲ್ಲಿ ಕುಳಿತು ಓದುವವರಿಗೆ ನಾಲ್ಕು ತಾಲ್ಲೂಕುಗಳು ನೆನಪಾಗದಿರವು. ಚನ್ನಗಿರಿಗೆ ಸೂಳೆಕೆರೆಯಿದೆ, ಹೊನ್ನಾಳಿಗೆ ತುಂಗಭದ್ರೆಯಿದೆ, ಅದರಿಂದ ಬೇರ್ಪಟ್ಟ ನ್ಯಾಮತಿಗೆ ಮಲೆನಾಡಿನ ಸೆರಗಿದೆ. ಜಗಳೂರು ಮಾತ್ರ ಬರದ ನಾಡು. ಅಲ್ಲಿನ ಕಷ್ಟಕ್ಕೆಲ್ಲ ಮಳೆಯನ್ನೇ ಹೊಣೆಯಾಗಿಸುವುದು ಆಡಳಿತಕ್ಕೂ ಅನುಕೂಲ, ನಮಗೂ ಅನುಕೂಲ. ಮೋಡದ ಮೇಲೆ ಯಾರೂ ಮೊಕದ್ದಮೆ ಹೂಡಲಾರರು. ಆದರೆ ನೀರು ಸಮೃದ್ಧವಾದ ಊರಿನಲ್ಲಿಯೂ ನೆಲವಿದ್ದವನಿಗೆ ಅದು ಆಸ್ತಿ, ಇಲ್ಲದವನಿಗೆ ಇನ್ನಷ್ಟು ದಿನಗಳ ಕೂಲಿ, ಅಷ್ಟೆ.

ಭದ್ರಾ ಮೇಲ್ದಂಡೆ ಯೋಜನೆಯ ವ್ಯಾಪ್ತಿಯಲ್ಲಿ ಜಗಳೂರೂ ಸೇರಿದೆ. ನೀರು ಬರುವ ಸುದ್ದಿಯೊಂದಿಗೆ ಭೂಮಿಯ ಬೆಲೆ ಏರುವುದು ಅರ್ಥಶಾಸ್ತ್ರದ ಸರಳ ನಿಯಮ. ಬೆಲೆ ಏರಿದಾಗ ಮೊದಲು ಕೈತಪ್ಪುವುದು ದುರ್ಬಲರ ಭೂಮಿ. ಪರಿಶಿಷ್ಟರಿಗೆ ಮಂಜೂರಾದ ಜಮೀನನ್ನು ಸರ್ಕಾರದ ಪೂರ್ವಾನುಮತಿಯಿಲ್ಲದೆ ಪರಭಾರೆ ಮಾಡುವುದನ್ನು 1978ರ ಕಾಯ್ದೆ ನಿಷೇಧಿಸಿದೆ. ಕಳೆದುಕೊಂಡ ಭೂಮಿಗಾಗಿ ಅರ್ಜಿ ಸಲ್ಲಿಸಲು ಕಾಲಮಿತಿ ಅಡ್ಡಿಯಾಗದಂತೆ 2023ರಲ್ಲಿ ತಿದ್ದುಪಡಿಯೂ ಆಯಿತು. ಆದರೆ ಅರ್ಜಿ ಎಂಬುದು ಭೂಮಿ ಹೋದ ಮೇಲಿನ ಮಾತು. ಕಾಲುವೆಯಲ್ಲಿ ನೀರು ಹರಿಯುವ ಮುನ್ನವೇ ಮಂಜೂರಾತಿ ಜಮೀನುಗಳನ್ನು ಗ್ರಾಮವಾರು ಗುರುತಿಸಿ, ಪೋಡಿ ಮುಗಿಸಿ, ಪಹಣಿಯನ್ನು ಸರಿಪಡಿಸಿ ಕೊಡುವುದು ಕಂದಾಯ ಇಲಾಖೆಗೆ ಅಸಾಧ್ಯವಾದ ಕೆಲಸವಲ್ಲ.

ಚೋಮ ಕೊನೆಗೆ ದುಡಿ ಬಾರಿಸುತ್ತಲೇ ಪ್ರಾಣ ಬಿಡುತ್ತಾನೆ. ಅವನು ಕೇಳಿದ್ದು ಮಳೆಯನ್ನಲ್ಲ. ಕಾಲುವೆಗಳಿಗೆ ಕೋಟಿಗಟ್ಟಲೆ ಹಣ ವ್ಯಯಿಸುವ ರಾಜ್ಯವು ಆ ವ್ಯತ್ಯಾಸವನ್ನು ಮರೆಯಬಾರದು.